ಸರ್ಪವನ್ನು ಕೊಂದವರು, ಸರ್ಪವನ್ನು ಹಿಡಿದವರು

ಡ್ರ್ಯಾಗನ್ ಎಂಬ ಮಾತು ಈಗ ನಮ್ಮ ಬಿಸಿಲ ನಾಡಿನ ಸಂತೆಗಳಿಗೂ ಬಂದಿದೆ. ಕೆಂಪು ಸಿಪ್ಪೆಯ, ಒಳಗೆ ಎಳ್ಳು ಚೆಲ್ಲಿದಂತೆ ಕಾಣುವ ಒಂದು ಹಣ್ಣಿಗೆ ಆ ಹೆಸರು. ಮಕ್ಕಳನ್ನು ಕೇಳಿದರೆ, ಟಿ.ವಿ.ಯಲ್ಲಿ ಬೆಂಕಿ ಉಗುಳುತ್ತ ಹಾರುವ ಪ್ರಾಣಿ ಎನ್ನುತ್ತಾರೆ. ದೊಡ್ಡವರಿಗೆ ಚೀನಾ ದೇಶ ನೆನಪಾಗುತ್ತದೆ. ಒಟ್ಟಿನಲ್ಲಿ ಅದು ಪರದೇಶದ ಪ್ರಾಣಿ, ನಮ್ಮ ಕಥೆಗಳಿಗೂ ಅದಕ್ಕೂ ಸಂಬಂಧವಿಲ್ಲ ಎಂಬುದು ಎಲ್ಲರ ತೀರ್ಮಾನ.

ಉರ್ದುವನ್ನೂ ಕನ್ನಡವನ್ನೂ ಶಾಲೆಯಲ್ಲಿ ಕಲಿತ ನಮ್ಮಂಥವರಿಗೆ ಈ ತೀರ್ಮಾನ ಒಪ್ಪಿಗೆಯಾಗುವುದಿಲ್ಲ. ಉರ್ದುವಿನಲ್ಲಿ ಇದಕ್ಕೆ ಅಜ್ದಹಾ ಎಂಬ ಪದವಿದೆ. ಹಜ್ರತ್ ಮೂಸಾ ಅವರು ಫಿರ್‌ಔನನ ದರ್ಬಾರಿನಲ್ಲಿ ಕೆಳಗೆಸೆದ ಕೋಲು ಅಜ್ದಹಾ ಆಯಿತು ಎಂದು ಉರ್ದು ಓದಿದ ಪ್ರತಿ ಮಗುವಿಗೂ ಗೊತ್ತು. ಈ ಪದ ಫಾರ್ಸಿಯಿಂದ ಬಂದದ್ದು. ಫಾರ್ಸಿಗೂ ಹಿಂದಿನ ಅವೆಸ್ತಾದಲ್ಲಿ ಅದರ ರೂಪ ‘ಅಜಿ ದಹಾಕ’. ಅಲ್ಲಿ ಅಜಿ ಎಂದರೆ ಸರ್ಪ. ಸಂಸ್ಕೃತದ ‘ಅಹಿ’ ಇದರ ಒಡಹುಟ್ಟು. ಇಂದ್ರನು ಕೊಂದ ವೃತ್ರನನ್ನು ಋಗ್ವೇದ ಕರೆಯುವುದು ಅಹಿ ಎಂದೇ. ಹಳಗನ್ನಡ ಓದಿದವರಿಗೂ ಅಹಿ ಹೊಸ ಪದವಲ್ಲ. ಹಾಗಾದರೆ ಅಜ್ದಹಾ ಎನ್ನುವವರೂ ಅಹಿ ಎನ್ನುವವರೂ ಒಂದೇ ಹುತ್ತದ ಎರಡು ಬಾಯಿಗಳ ಮುಂದೆ ನಿಂತಿದ್ದಾರೆ ಎಂದಾಯಿತು.

ಸರ್ಪ ಎಲ್ಲ ಜನರ ಕಥೆಗಳಲ್ಲೂ ಇದೆ. ಆದ್ದರಿಂದ ಯಾರ ಕಥೆಯಲ್ಲಿ ಇದೆ, ಯಾರಲ್ಲಿ ಇಲ್ಲ ಎಂದು ಕೇಳಿ ಪ್ರಯೋಜನವಿಲ್ಲ. ಕಥೆ ಬರೆಯುವವರಾಗಿ ನಮಗೆ ಮುಖ್ಯವಾಗುವುದು ಬೇರೆ ಪ್ರಶ್ನೆ: ಕಥೆ ಕೊನೆಗೆ ಸರ್ಪವನ್ನು ಏನು ಮಾಡುತ್ತದೆ? ಕೊಲ್ಲುತ್ತದೆಯೇ, ಓಡಿಸುತ್ತದೆಯೇ, ಕೈಯಲ್ಲಿ ಹಿಡಿಯುತ್ತದೆಯೇ, ಮಲಗಿಸುತ್ತದೆಯೇ? ಇದರ ಉತ್ತರದಲ್ಲಿ ಆ ಕಥೆ ಹೇಳುವ ಜನ ತಮ್ಮ ನೆರೆಯವರ ಜೊತೆ ಹೇಗೆ ಬದುಕಲು ಬಯಸುತ್ತಾರೆ ಎಂಬುದೂ ಅಡಗಿರುತ್ತದೆ.

ಮೊದಲು ದೂರದ ಒಂದು ಉದಾಹರಣೆ. ಇಂಗ್ಲಿಷ್ ಭಾಷೆ ಹೋಗುವುದಕ್ಕೂ ಮೊದಲು ಬ್ರಿಟನ್ ದ್ವೀಪಗಳಲ್ಲಿ ಇದ್ದವರು ಕೆಲ್ಟಿಕ್ ಭಾಷೆಗಳನ್ನು ಆಡುತ್ತಿದ್ದ ಜನ. ವೇಲ್ಸ್, ಐರ್ಲೆಂಡ್, ಸ್ಕಾಟ್ಲೆಂಡ್‌ಗಳಲ್ಲಿ ಅವರ ಭಾಷೆಗಳೂ ಕಥೆಗಳೂ ಉಳಿದುಕೊಂಡಿವೆ. ವೇಲ್ಸಿನ ಬಾವುಟದಲ್ಲಿ ಒಂದು ಕೆಂಪು ಡ್ರ್ಯಾಗನ್ ಇದೆ. ಅದಕ್ಕೆ ಅಧಿಕೃತ ಮನ್ನಣೆ ದೊರೆತದ್ದು 1959ರಲ್ಲಿ. ಅದರ ಹಿಂದಿನ ಕಥೆ ಮಾತ್ರ ಸಾವಿರ ವರ್ಷಕ್ಕೂ ಹಳೆಯದು. 9ನೇ ಶತಮಾನದಲ್ಲಿ ಲ್ಯಾಟಿನ್ ಭಾಷೆಯಲ್ಲಿ ಬರೆದ ‘ಹಿಸ್ಟೋರಿಯಾ ಬ್ರಿಟ್ಟೋನಮ್’ ಎಂಬ ಗ್ರಂಥದಲ್ಲಿ ಅದು ಸಿಗುತ್ತದೆ.

ವೋರ್ಟಿಗರ್ನ್ ಎಂಬ ದೊರೆ ವೇಲ್ಸಿನ ಬೆಟ್ಟದಲ್ಲಿ ಕೋಟೆ ಕಟ್ಟಿಸಲು ಹೊರಡುತ್ತಾನೆ. ತಂದಿಟ್ಟ ಕಲ್ಲು, ಮರ ರಾತ್ರಿ ಕಳೆಯುವುದರೊಳಗೆ ಮಾಯವಾಗುತ್ತವೆ. ತಂದೆಯಿಲ್ಲದ ಹುಡುಗನನ್ನು ಕೊಂದು ಅವನ ರಕ್ತವನ್ನು ಆ ಜಾಗಕ್ಕೆ ಚಿಮುಕಿಸಿದರೆ ಕೋಟೆ ನಿಲ್ಲುತ್ತದೆ ಎಂದು ಅವನ ಪಂಡಿತರು ಹೇಳುತ್ತಾರೆ. ನಮ್ಮ ‘ಕೆರೆಗೆ ಹಾರ’ ಬಲ್ಲವರಿಗೆ ಇದು ಪರಿಚಿತ ಮಾತು. ನೀರು ನಿಲ್ಲದ ಕೆರೆಗೆ ಅಲ್ಲಿ ಸೊಸೆ ಭಾಗೀರಥಿ ಬೇಕಾಗುತ್ತಾಳೆ. ಅವಳು ಎದುರು ಮಾತಾಡದೆ ಕೆರೆಗೆ ಇಳಿಯುತ್ತಾಳೆ. ಆದರೆ ವೇಲ್ಸಿನ ಹುಡುಗ ಬಾಯಿ ಬಿಡುತ್ತಾನೆ. ಈ ನೆಲದ ಕೆಳಗೆ ಏನಿದೆ ಎಂದು ಪಂಡಿತರನ್ನೇ ಕೇಳುತ್ತಾನೆ. ಅವರಿಗೆ ಗೊತ್ತಿಲ್ಲ. ಅಗೆದು ನೋಡಿದರೆ ಒಂದು ಕೊಳ, ಅದರಲ್ಲಿ ಮಡಿಸಿಟ್ಟ ಬಟ್ಟೆ, ಬಟ್ಟೆಯೊಳಗೆ ನಿದ್ದೆ ಹೋದ ಎರಡು ಸರ್ಪಗಳು, ಒಂದು ಕೆಂಪು, ಒಂದು ಬಿಳಿ. ಎಚ್ಚರಾದೊಡನೆ ಅವು ಕಾದಾಡುತ್ತವೆ. ಮೊದಲು ಬಿಳಿಯದು ಮೇಲುಗೈ ಮಾಡಿದರೂ ಕೊನೆಗೆ ಕೆಂಪು ಸರ್ಪ ಅದನ್ನು ಅಟ್ಟಿಬಿಡುತ್ತದೆ.

ಇಲ್ಲಿಯವರೆಗೆ ಹುಡುಗನ ಬುದ್ಧಿಯನ್ನು ಮೆಚ್ಚಬೇಕು. ಬಲಿ ಕೇಳಿದವರ ಅಜ್ಞಾನವನ್ನು ಅವನು ಬಯಲು ಮಾಡುತ್ತಾನೆ, ತನ್ನ ಪ್ರಾಣವನ್ನೂ ಉಳಿಸಿಕೊಳ್ಳುತ್ತಾನೆ. ಆಮೇಲೆ ಅವನ ಬಾಯಿಂದ ಗ್ರಂಥ ಇನ್ನೊಂದು ಮಾತನ್ನು ಆಡಿಸುತ್ತದೆ. ಕೆಂಪು ಸರ್ಪ ನಮ್ಮ ಜನ, ಬಿಳಿ ಸರ್ಪ ಹೊರಗಿನಿಂದ ಬಂದ ಸ್ಯಾಕ್ಸನರು, ಒಂದು ದಿನ ನಾವು ಅವರನ್ನು ಸಮುದ್ರದಾಚೆ ಅಟ್ಟುತ್ತೇವೆ ಎಂಬುದು ಆ ಮಾತು. 1136ರ ಸುಮಾರಿಗೆ ಮಾನ್‌ಮತ್‌ನ ಜೆಫ್ರಿ ಇದೇ ಕಥೆಯನ್ನು ಬೆಳೆಸಿ, ಆ ಹುಡುಗನನ್ನು ಮರ್ಲಿನ್ ಎಂಬ ಮಾಯಾವಿಯನ್ನಾಗಿ ಮಾಡಿದ. ಸೋತ ಜನಕ್ಕೆ ಇಂಥ ಕಥೆ ಸಮಾಧಾನ ಕೊಡುತ್ತದೆ ಎಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಅಡಿಪಾಯ ನಿಲ್ಲದಿರಲು ಕಾರಣ ಹುಡುಕಲು ಹೊರಟ ಕಥೆ ಇಲ್ಲಿಗೆ ಬರುವಾಗ ಶತ್ರುವನ್ನು ತೋರಿಸುವ ಕಥೆಯಾಗಿದೆ ಎಂಬುದನ್ನೂ ಗಮನಿಸಬೇಕು.

ಆ ಸರ್ಪಗಳು ಬಟ್ಟೆಯೊಳಗೆ ಬಂದದ್ದು ಹೇಗೆ? ಇದಕ್ಕೆ ಉತ್ತರ ವೇಲ್ಸ್ ಭಾಷೆಯ ಇನ್ನೊಂದು ಕಥೆಯಲ್ಲಿದೆ. ಲುಡ್ ಮತ್ತು ಲೆವೆಲಿಸ್ ಎಂಬ ಅಣ್ಣತಮ್ಮಂದಿರ ಕಥೆ ಅದು. ಲೇಡಿ ಷಾರ್ಲಟ್ ಗೆಸ್ಟ್ 1838ರಿಂದ 1849ರ ನಡುವೆ ಇಂಗ್ಲಿಷಿಗೆ ತಂದ ‘ಮಾಬಿನೋಗಿಯನ್’ ಸಂಗ್ರಹದ ಮೂಲಕ ಹೊರಗಿನವರಿಗೆ ಪರಿಚಯವಾಯಿತು. ಲುಡ್ ದೊರೆಯ ನಾಡಿನಲ್ಲಿ ಪ್ರತಿ ವರ್ಷ ಮೇ ತಿಂಗಳ ಮೊದಲ ದಿನದ ಹಿಂದಿನ ರಾತ್ರಿ ಒಂದು ಭಯಂಕರ ಚೀತ್ಕಾರ ಕೇಳಿಸುತ್ತದೆ. ಅದನ್ನು ಕೇಳಿ ಬಸುರಿಯರ ಗರ್ಭ ಇಳಿಯುತ್ತದೆ, ಗಂಡಸರ ಬಲ ಉಡುಗುತ್ತದೆ, ಮರ, ನೀರು, ಜಾನುವಾರು ಎಲ್ಲವೂ ಬಂಜೆಯಾಗುತ್ತವೆ. ತಮ್ಮ ಲೆವೆಲಿಸ್ ಕಾರಣ ಹೇಳುತ್ತಾನೆ: ನಿನ್ನ ನಾಡಿನ ಸರ್ಪ ಪರನಾಡಿನ ಸರ್ಪದೊಡನೆ ಹೋರಾಡುತ್ತಿದೆ, ಆ ಚೀತ್ಕಾರ ನಿನ್ನ ಸರ್ಪದ್ದೇ.

ಈಗ ಪರಿಹಾರ ನೋಡಿ. ನಮ್ಮ ಸರ್ಪಕ್ಕೆ ಬಲ ತುಂಬಿ ಪರಸರ್ಪವನ್ನು ಕೊಲ್ಲಿಸು ಎಂದು ತಮ್ಮ ಹೇಳುವುದಿಲ್ಲ. ನಾಡಿನ ಉದ್ದಗಲ ಅಳೆದು ನಟ್ಟನಡುವೆ ಒಂದು ಗುಂಡಿ ತೋಡಿಸು, ಅದರಲ್ಲಿ ಜೇನಿನ ಮದ್ಯ ತುಂಬಿದ ಕೊಪ್ಪರಿಗೆ ಇಟ್ಟು ಮೇಲೆ ರೇಷ್ಮೆಯ ಬಟ್ಟೆ ಹೊದಿಸು ಎನ್ನುತ್ತಾನೆ. ಸರ್ಪಗಳು ಕಾದಾಡಿ ದಣಿದು, ಎರಡು ಹಂದಿಮರಿಗಳ ರೂಪದಲ್ಲಿ ಬಟ್ಟೆಯ ಮೇಲೆ ಬಿದ್ದು ಕೊಪ್ಪರಿಗೆಗೆ ಇಳಿಯುತ್ತವೆ, ಕುಡಿದು ನಿದ್ದೆ ಹೋಗುತ್ತವೆ. ಆಗ ಎರಡನ್ನೂ ಅದೇ ಬಟ್ಟೆಯಲ್ಲಿ ಸುತ್ತಿ, ಕಲ್ಲಿನ ಪೆಟ್ಟಿಗೆಯಲ್ಲಿಟ್ಟು, ಬೆಟ್ಟದಲ್ಲಿ ಹೂಳುತ್ತಾರೆ. ಅವು ಅಲ್ಲಿ ಮಲಗಿರುವವರೆಗೆ ಹೊರಗಿನ ಪೀಡೆ ಆ ನಾಡಿಗೆ ತಗಲುವುದಿಲ್ಲ.

ಬರವಣಿಗೆಯ ಕಾಲ ನೋಡಿದರೆ ವೋರ್ಟಿಗರ್ನನ ಕಥೆಯೇ ಮೊದಲಿನದು, ಲುಡ್‌ನ ಕಥೆ ಆಮೇಲಿನದು. ಆದರೆ ವಿವೇಕ ಹೆಚ್ಚಾಗಿರುವುದು ಆಮೇಲಿನದರಲ್ಲಿ ಎಂದು ನಮಗೆ ತೋರುತ್ತದೆ. ನಾಡನ್ನು ಬಂಜೆಯಾಗಿಸಿದ ಚೀತ್ಕಾರ ಸ್ವಂತ ಸರ್ಪದ್ದು ಎಂದು ಒಪ್ಪಿಕೊಳ್ಳಲು ಧೈರ್ಯ ಬೇಕು. ಇನ್ನೊಂದು ಸ್ವಾರಸ್ಯವೂ ಇದೆ. ವೇಲ್ಸ್ ಭಾಷೆಯಲ್ಲಿ ಡ್ರ್ಯಾಗನ್‌ಗೆ ‘ಡ್ರೈಗ್’ ಎನ್ನುತ್ತಾರೆ. ಆ ಪದ ಬಂದದ್ದು ಆಳಲು ಬಂದ ರೋಮನರ ಲ್ಯಾಟಿನ್ನಿನಿಂದ. ಲ್ಯಾಟಿನ್ನಿಗೆ ಬಂದದ್ದು ಗ್ರೀಕಿನಿಂದ. ಸ್ವದೇಶಿ ಎಂದು ಬಾವುಟಕ್ಕೆ ಏರಿಸಿದ ಸರ್ಪದ ಹೆಸರೇ ಎರವಲು.

ಸರ್ಪಕ್ಕೆ ನೆರೆಯವರ ಮುಖ ಅಂಟಿಸುವುದು ವೇಲ್ಸಿನವರ ದೋಷ ಮಾತ್ರವಲ್ಲ. ಅವೆಸ್ತಾದ ಅಜಿ ದಹಾಕ ಮೂರು ತಲೆಯ ಸರ್ಪ. ಅದೇ ಹೆಸರು ಸವೆದು ಸವೆದು, 1010ರಲ್ಲಿ ಮುಗಿದ ಫಿರ್ದೌಸಿಯ ‘ಶಾಹನಾಮಾ’ದಲ್ಲಿ ಜಹ್ಹಾಕ್ ಎಂಬ ಅರಸನಾಗುತ್ತದೆ. ಅವನ ಹೆಗಲ ಮೇಲೆ ಎರಡು ಹಾವುಗಳು, ಅವುಗಳ ಆಹಾರ ದಿನಕ್ಕೆ ಇಬ್ಬರು ಮನುಷ್ಯರ ಮಿದುಳು. ಆ ಅರಸ ಯಾರೆಂದರೆ ಅರಬ. ಇರಾನಿನ ನೆನಪಿನಲ್ಲಿ ಸರ್ಪ ಅರಬನಾದ, ಬ್ರಿಟನ್ನಿನ ನೆನಪಿನಲ್ಲಿ ಸ್ಯಾಕ್ಸನ್ ಆಯಿತು. ನಮ್ಮ ಮಹಾಭಾರತದಲ್ಲಿ ಖಾಂಡವ ವನ ಸುಡುವಾಗ ನಾಗರ ನೆಲೆ ಉರಿಯುತ್ತದೆ. ಆ ನಾಗರು ಕಾಡಿನ ಜನವೇ ಇರಬೇಕೆಂದು ‘ಯುಗಾಂತ’ದಲ್ಲಿ ಇರಾವತಿ ಕರ್ವೆ ಚರ್ಚಿಸಿದ್ದಾರೆ. ಮುಂದೆ ಜನಮೇಜಯ ತನ್ನ ತಂದೆಯ ಸಾವಿಗೆ ಸೇಡು ತೀರಿಸಲು ಸರ್ಪಯಾಗ ಹೂಡುತ್ತಾನೆ. ಕಚ್ಚಿದ್ದು ತಕ್ಷಕನೊಬ್ಬ, ಬೆಂಕಿಗೆ ಬೀಳುವುದು ಇಡೀ ಕುಲ. ಅದನ್ನು ನಿಲ್ಲಿಸುವವನು ಆಸ್ತೀಕ ಎಂಬ ಹುಡುಗ. ಅವನ ತಂದೆ ಋಷಿ, ತಾಯಿ ನಾಗಕನ್ಯೆ. ಎರಡೂ ಕಡೆಗೆ ಸೇರಿದವನು ಬಂದು ಮಾತಾಡಿದ ಮೇಲೆ ಬೆಂಕಿ ಆರುತ್ತದೆ. ಇಡೀ ಮಹಾಭಾರತವನ್ನು ವೈಶಂಪಾಯನ ಹೇಳುವುದು ಈ ಯಾಗದಲ್ಲಿ ಎಂಬುದನ್ನು ಮರೆಯಬಾರದು. ಕಥೆ ಕೇಳುವ ಸಭೆಯ ನಡುವೆ ಕುಲವೊಂದನ್ನು ಸುಡುವ ಕುಂಡವೂ ಉರಿಯುತ್ತಿತ್ತು.

ಅರಸರ ಕಥೆಗಳು ಸಾಮಾನ್ಯವಾಗಿ ಕೊಲ್ಲುತ್ತವೆ. ನಮ್ಮ ಹೊಯ್ಸಳರ ಲಾಂಛನದಲ್ಲೂ ಸಳ ಮೃಗವನ್ನು ಕೊಲ್ಲುತ್ತಿದ್ದಾನೆ. ಸಂತರ ಕಥೆಗಳು ಬೇರೆ ದಾರಿ ಹಿಡಿಯುತ್ತವೆ. ಕ್ರಿ.ಶ. 597ರಲ್ಲಿ ತೀರಿಕೊಂಡ ಸಂತ ಕೊಲಂಬನ ಚರಿತ್ರೆಯನ್ನು ಸುಮಾರು ನೂರು ವರ್ಷದ ನಂತರ ಅಡೋಮ್ನಾನ್ ಬರೆದ. ಅದರಲ್ಲಿ ಸ್ಕಾಟ್ಲೆಂಡಿನ ನೆಸ್ ನದಿಯ ಜಲಮೃಗ ಈಜುಗಾರನ ಮೇಲೆ ಎರಗುತ್ತದೆ. ಸಂತ ಶಿಲುಬೆಯ ಗುರುತು ಮಾಡಿ, ಮುಂದೆ ಬರಬೇಡ ಎಂದು ಆಜ್ಞಾಪಿಸುತ್ತಾನೆ, ಅದು ಹಿಂತಿರುಗುತ್ತದೆ. ಐರ್ಲೆಂಡಿನ ಸಂತ ಪ್ಯಾಟ್ರಿಕ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ದ್ವೀಪದ ಹಾವುಗಳನ್ನೆಲ್ಲ ಓಡಿಸಿದನಂತೆ. 12ನೇ ಶತಮಾನದಲ್ಲೇ ವೇಲ್ಸಿನ ಜೆರಾಲ್ಡ್ ಎಂಬ ಪಾದ್ರಿ ಅನುಮಾನ ಪಟ್ಟು, ಅಲ್ಲಿ ಮೊದಲಿನಿಂದಲೂ ಹಾವು ಇರಲಿಲ್ಲವೆಂಬುದೇ ಹೆಚ್ಚು ನಂಬಲರ್ಹ ಎಂದು ಬರೆದ. ಇಂದಿನ ವಿಜ್ಞಾನ ಅವನ ಪರವಾಗಿದೆ. ಇಲ್ಲದ ಹಾವನ್ನು ಓಡಿಸಿದ ಕೀರ್ತಿಯ ಹಿಂದೆ ಹಳೆಯ ನಂಬಿಕೆಯವರನ್ನು ಸೋಲಿಸಿದ ಹೆಮ್ಮೆಯನ್ನು ಹಲವರು ಕಂಡಿದ್ದಾರೆ. ಹಜ್ರತ್ ಮೂಸಾ ಅವರ ಪ್ರಸಂಗ ಹಾಗಲ್ಲ. ಕುರ್‌ಆನ್ ಪ್ರಕಾರ ಅವರಿಗೆ ಬಂದ ಅಪ್ಪಣೆ, ಹೆದರದೆ ಅದನ್ನು ಹಿಡಿಯಬೇಕೆಂಬುದು. ಹಿಡಿದರೆ ಅದು ಮತ್ತೆ ಕುರಿಗಳಿಗೆ ಸೊಪ್ಪು ಉದುರಿಸುವ ಕೋಲು.

ಸರ್ಪವನ್ನು ಕೈಯಲ್ಲಿ ಹಿಡಿದ ಸಂತ ನಮ್ಮ ಕರ್ನಾಟಕದಲ್ಲೂ ಇದ್ದಾರೆ. ಧಾರವಾಡ ಜಿಲ್ಲೆಯ ನವಲಗುಂದ ತಾಲ್ಲೂಕಿನ ಯಮನೂರಿನಲ್ಲಿ ಬೆಣ್ಣೆಹಳ್ಳದ ಬಳಿ ರಾಜಾ ಬಾಗಸವಾರರ ದರ್ಗಾ ಇದೆ. ಬಾಗ್ ಎಂದರೆ ಹುಲಿ, ಸವಾರ ಎಂದರೆ ಏರಿದವನು. ಅದೇ ಸಂತರನ್ನು ಹಿಂದೂ ಭಕ್ತರು ಚಾಂಗದೇವ ಎನ್ನುತ್ತಾರೆ. ಜಾತ್ರೆಗೆ ಬಂದವರು ಹಳ್ಳದಲ್ಲಿ ಮಿಂದು ಒಂದೇ ಗದ್ದುಗೆಗೆ ಎರಡು ಹೆಸರಿನಲ್ಲಿ ನಡೆದುಕೊಳ್ಳುತ್ತಾರೆ.

ಚಾಂಗದೇವನ ಕಥೆ ಮರಾಠಿಯಲ್ಲಿ ಬಹಳ ಪ್ರಸಿದ್ಧ. ಯೋಗಬಲದಿಂದ 1400 ವರ್ಷ ಬದುಕಿದ ಆತ ಹುಲಿಯ ಮೇಲೆ ಕುಳಿತು, ಹಾವನ್ನೇ ಚಾವಟಿ ಮಾಡಿಕೊಂಡು, ಹುಡುಗನಾಗಿದ್ದ ಜ್ಞಾನೇಶ್ವರನನ್ನು ನೋಡಲು ಪುಣೆಯ ಹತ್ತಿರದ ಆಳಂದಿಗೆ ಬರುತ್ತಾನೆ. ಜ್ಞಾನೇಶ್ವರ ತನ್ನ ಒಡಹುಟ್ಟಿದವರ ಜೊತೆ ಒಂದು ಮೋಟು ಗೋಡೆಯ ಮೇಲೆ ಕುಳಿತಿದ್ದಾನೆ. ಬಂದವರನ್ನು ಎದುರುಗೊಳ್ಳಬೇಕಲ್ಲ, ಗೋಡೆಯನ್ನೇ ನಡೆಸಿಕೊಂಡು ಹೊರಡುತ್ತಾನೆ. ಜೀವವಿರುವ ಮೃಗವನ್ನು ನಡೆಸಿದವನು ಜೀವವಿಲ್ಲದ ಗೋಡೆಯನ್ನು ನಡೆಸಿದವನ ಮುಂದೆ ಇಳಿದು ಶರಣಾಗುತ್ತಾನೆ.

ಇದೇ ಕಥೆ ಇಂದಿನ ತುರ್ಕಿಯಲ್ಲೂ ಇದೆ ಎಂದರೆ ಓದುಗರಿಗೆ ಆಶ್ಚರ್ಯವಾಗಬಹುದು. 13ನೇ ಶತಮಾನದ ಸೂಫಿ ಹಾಜಿ ಬೆಕ್ತಾಶರ ಚರಿತ್ರೆಯಲ್ಲಿ ಸೈಯದ್ ಮಹಮೂದ್ ಹೈರಾನಿ ಸಿಂಹವನ್ನೇರಿ ಹಾವಿನ ಚಾವಟಿ ಹಿಡಿದು ಬರುತ್ತಾರೆ, ಹಾಜಿ ಬೆಕ್ತಾಶರು ಬಂಡೆಯನ್ನೇರಿ ಎದುರುಗೊಳ್ಳುತ್ತಾರೆ. ಈ ಬಗೆಯ ಕಥೆಗಳನ್ನು ಕುರಿತು ಇತಿಹಾಸಕಾರ ಸೈಮನ್ ಡಿಗ್ಬಿ 1994ರಲ್ಲಿ ಪ್ರಕಟವಾದ ಒಂದು ಲೇಖನದಲ್ಲಿ, ಇವು ಸಂತರ ಪ್ರತಿಷ್ಠೆ ಹೆಚ್ಚಿಸುವ ಉಪಾಯಗಳು ಎಂಬ ಅರ್ಥದಲ್ಲಿ ಚರ್ಚಿಸಿದರು. ಪ್ರತಿಯೊಬ್ಬರ ಶಿಷ್ಯರೂ ತಮ್ಮ ಗುರುವನ್ನು ಗೋಡೆಯ ಮೇಲೆ ಕೂರಿಸುತ್ತಾರೆ, ಎದುರಿನವರ ಗುರುವಿಗೆ ಹುಲಿ ಬಿಡುತ್ತಾರೆ. ಮಾತು ನಿಜ. ಆದರೆ ಯಮನೂರಿಗೆ ಬಂದರೆ ಈ ವಿವರಣೆ ಸಾಲುವುದಿಲ್ಲ. ಅಲ್ಲಿ ಜನ ನಡೆದುಕೊಳ್ಳುವುದು ಹುಲಿಯ ಮೇಲೆ ಬಂದವನಿಗೆ. ಮರಾಠಿ ಕಥೆಯಲ್ಲಿ ಇಳಿದು ಶರಣಾದವನು ಕನ್ನಡ ನೆಲದಲ್ಲಿ ದೇವರಾಗಿದ್ದಾನೆ, ಅದೂ ಎರಡು ಧರ್ಮದವರಿಗೆ. ಗೆದ್ದವನ ಪಕ್ಷ ಹಿಡಿಯುವುದೇ ಕಥೆಯ ಧರ್ಮವಾಗಿದ್ದರೆ ಹೀಗಾಗುತ್ತಿರಲಿಲ್ಲ. ಹಾವು ಹಿಡಿದು ಬಂದರೂ ಯಾರಿಗೂ ಕಚ್ಚಿಸದವನು, ಸೋತು ಇಳಿಯುವುದಕ್ಕೂ ಹಿಂಜರಿಯದವನು ನಮ್ಮವನೇ ಎಂದು ಒಕ್ಕಲಿಗ, ನೇಕಾರ, ಫಕೀರ ಎಲ್ಲರೂ ಅಂದುಕೊಂಡಿರಬೇಕು.

ಯಡ್ರಾಮಿ, ಜೇವರ್ಗಿ, ಆಳಂದ ಸೀಮೆಯ ನಮಗೆ ಇದು ದೂರದ ಮಾತಲ್ಲ. ಮೊಹರಂ ಬಂತೆಂದರೆ ಮೈಗೆ ಹಳದಿ ಕಪ್ಪು ಬಣ್ಣ ಬಳಿದುಕೊಂಡು ಹುಲಿಯಾಗಿ ಕುಣಿಯುವ ಹರಕೆ ಹೊರುವವರಲ್ಲಿ ಮುಸ್ಲಿಮೇತರರೇ ಬಹಳ. ಹಸನ್ ಹುಸೇನರ ಪದಗಳನ್ನು ಕಟ್ಟಿ ಹಾಡುವುದು ಕನ್ನಡದಲ್ಲಿ. ಇನ್ನು ಪಂಚಮಿ ಹೆಣ್ಣುಮಕ್ಕಳ ಹಬ್ಬ. ಕರೆಯಲು ಅಣ್ಣ ಬರಬೇಕು, ಜೋಕಾಲಿ ಕಟ್ಟಬೇಕು, ಎಳ್ಳುಂಡಿ ಶೇಂಗಾ ಉಂಡಿ ಹಂಚಬೇಕು. ಆ ದಿನ ರೈತ ನೆಲ ಉಳುವುದಿಲ್ಲ, ಅಗೆಯುವುದಿಲ್ಲ. ಅದಕ್ಕೊಂದು ಕಥೆಯಿದೆ. ರೈತನ ನೇಗಿಲಿಗೆ ಸಿಕ್ಕಿ ಹಾವಿನ ಮರಿಗಳು ಸತ್ತವು. ತಾಯಿಹಾವು ಬಂದು ಮನೆಯವರನ್ನೆಲ್ಲ ಕಚ್ಚಿತು. ಗಂಡನ ಮನೆಯಲ್ಲಿದ್ದ ಮಗಳನ್ನೂ ಕಚ್ಚಲು ಹೋದಾಗ ಅವಳು ಹಾಲಿಟ್ಟು ಪೂಜಿಸುತ್ತಿದ್ದಳು. ಹಾವಿನ ಸಿಟ್ಟು ಇಳಿಯಿತು, ಸತ್ತವರು ಎದ್ದರು. ಈ ಕಥೆಯಲ್ಲಿ ಹಾವಿಗೂ ಒಂದು ದೂರು ಇದೆ, ಆ ದೂರು ನ್ಯಾಯವಾದದ್ದು. ಅದನ್ನು ಕೇಳಿಸಿಕೊಂಡವಳು ಮನೆಯಿಂದ ಹೊರಗೆ ಹೋದ ಹೆಣ್ಣು. ಗಿರೀಶ ಕಾರ್ನಾಡರು ಎ. ಕೆ. ರಾಮಾನುಜನ್ ಅವರಿಂದ ಕೇಳಿದ ಜಾನಪದ ಕಥೆಗಳ ಮೇಲೆ ಕಟ್ಟಿದ ‘ನಾಗಮಂಡಲ’ದಲ್ಲೂ ಹಾವು ಮನೆಯೊಳಗೆ ಬರುವುದು ಹೆಣ್ಣಿನ ಒಂಟಿತನದ ಬಾಗಿಲಿನಿಂದಲೇ.

ಇಂಥ ಕಥೆಗಳ ಮೇಲೆ ಎರಡು ಕಡೆಯಿಂದ ಆಕ್ಷೇಪ ಬರುತ್ತದೆ. ಗೋಡೆ ನಡೆಯುವುದುಂಟೇ, ಇವು ಮೂಢನಂಬಿಕೆ ಎನ್ನುವವರು ವಿಚಾರವಾದಿಗಳು. ಇವಕ್ಕೆ ದೀನಿನಲ್ಲಿ ಆಧಾರವಿಲ್ಲ ಎನ್ನುವವರು ನಮ್ಮ ಸಮುದಾಯದ ಸುಧಾರಕರು. ಅಖೀದೆಯ ಪ್ರಶ್ನೆಯನ್ನು ನಾವು ಉಲಮಾಗಳಿಗೇ ಬಿಡುತ್ತೇವೆ. ಕಲ್ಲಿನ ನಾಗರಕ್ಕೆ ಒಂದು ನ್ಯಾಯ, ಜೀವಂತ ಹಾವಿಗೆ ಇನ್ನೊಂದು ನ್ಯಾಯ ಮಾಡುವವರನ್ನು 12ನೇ ಶತಮಾನದಲ್ಲೇ ಬಸವಣ್ಣನವರು ಪ್ರಶ್ನಿಸಿದ್ದಾರೆ, ಆ ಪ್ರಶ್ನೆ ಇಂದಿಗೂ ಬೇಕು. ನಮ್ಮ ಮಾತು ಇಷ್ಟೇ: ನಂಬಿಕೆಯಾಗಿ ಒಪ್ಪದವರೂ ಕಥೆಯಾಗಿ ಇವುಗಳನ್ನು ಓದಬೇಕು. ಏಕೆಂದರೆ ನಾವು ಓದದೆ ಬಿಟ್ಟ ಕಥೆಯನ್ನು ಇನ್ಯಾರೋ ಎತ್ತಿಕೊಂಡು, ವೋರ್ಟಿಗರ್ನನ ಕಥೆಗೆ ಆದಂತೆ, ಒಂದು ಸರ್ಪಕ್ಕೆ ನಮ್ಮವರು ಇನ್ನೊಂದಕ್ಕೆ ಪರರು ಎಂದು ಚೀಟಿ ಅಂಟಿಸುತ್ತಾರೆ.

ಇದು ಬರಿಯ ಊಹೆಯಲ್ಲ. ಆಳಂದದ ಲಾಡ್ಲೆ ಮಶಾಯಕ್ ದರ್ಗಾದ ಆವರಣದಲ್ಲಿ ರಾಘವ ಚೈತನ್ಯರ ಹೆಸರಿನ ಶಿವಲಿಂಗವೂ ಇದೆ. ರಾಘವ ಚೈತನ್ಯರು ಸಂತ ತುಕಾರಾಮರ ಗುರುಪರಂಪರೆಯಲ್ಲಿ ಬರುವ ಹೆಸರು. ಒಂದೇ ಆವರಣದ ಈ ಎರಡು ಹೆಸರುಗಳು 2022ರ ಶಿವರಾತ್ರಿಯಂದು ಜಗಳಕ್ಕೆ ಕಾರಣವಾದವು, ಊರಿನಲ್ಲಿ ಕಲ್ಲು ತೂರಾಟವಾಯಿತು. ಮುಂದೆ ವಿಷಯ ನ್ಯಾಯಾಲಯಕ್ಕೆ ಹೋಯಿತು. 2023ರಲ್ಲಿ ಉರ್ಸಿನ ವಿಧಿಗೂ ಶಿವರಾತ್ರಿಯ ಪೂಜೆಗೂ ಬೇರೆ ಬೇರೆ ವೇಳೆ ಗೊತ್ತು ಮಾಡಿ, ಪೊಲೀಸ್ ಕಾವಲಿನಲ್ಲಿ ಎರಡೂ ನಡೆದವು. ಯಾರ ಹಕ್ಕು ಎಷ್ಟು ಎಂಬುದನ್ನು ನ್ಯಾಯಾಲಯ ಹೇಳಲಿ. ಆದರೆ ಗಡಿಯಾರ ನೋಡಿ ಹಂಚಿಕೊಳ್ಳುವ ಭಕ್ತಿಗೆ ಕಥೆ ಹುಟ್ಟಿಸುವ ಶಕ್ತಿ ಇರುತ್ತದೆಯೇ ಎಂಬುದು ಕಥೆಗಾರರ ಚಿಂತೆ. ಲುಡ್‌ನ ನಾಡಿನಲ್ಲಿ ಚೀತ್ಕಾರ ಎದ್ದಾಗ ಮೊದಲು ಇಳಿದದ್ದು ಬಸುರಿಯರ ಗರ್ಭ. ನಮ್ಮ ಊರುಗಳಲ್ಲಿ ಗಲಾಟೆ ಎದ್ದಾಗ ಮೊದಲು ಮುಚ್ಚುವುದು ದಿನಗೂಲಿಯವರ ಒಲೆ. ಅದರಲ್ಲಿ ಹಿಂದೂ ಮುಸ್ಲಿಂ ಎಂಬ ಭೇದವಿರುವುದಿಲ್ಲ.

ಕನ್ನಡದಲ್ಲಿ ಈ ದಿಕ್ಕಿನ ಕೆಲಸ ನಡೆದೇ ಇಲ್ಲವೆಂದಲ್ಲ. ರಹಮತ್ ತರೀಕೆರೆಯವರ ‘ಕರ್ನಾಟಕದ ಸೂಫಿಗಳು’ ಊರೂರು ತಿರುಗಿ ಬರೆದ ಪುಸ್ತಕ. ಆ ದಾರಿಯಲ್ಲಿ ಇನ್ನಷ್ಟು ಜನ ನಡೆಯಬೇಕಾಗಿದೆ. ಸುರಪುರ ಸೀಮೆಯ ತಿಂಥಣಿ ಮೌನೇಶ್ವರರಿಂದ ಹಿಡಿದು ಹಳ್ಳಿಯ ಬೇವಿನ ಮರದ ಕೆಳಗಿನ ಹೆಸರಿಲ್ಲದ ಪೀರನವರೆಗೆ, ಪ್ರತಿಯೊಬ್ಬರ ಕಥೆಯೂ ಒಂದಕ್ಕಿಂತ ಹೆಚ್ಚು ಬಾಯಿಗಳಲ್ಲಿದೆ. ಬರೆದುಕೊಳ್ಳುವವರು ಒಬ್ಬರ ಬಾಯಿಯಿಂದ ಬರೆದುಕೊಂಡು ಎದ್ದುಬರಬಾರದು. ಮುಜಾವರ ಹೇಳಿದ್ದನ್ನೂ ಪೂಜಾರಿ ಹೇಳಿದ್ದನ್ನೂ, ಅವರಿಬ್ಬರೂ ಕೇಳದೆ ಬಿಟ್ಟ ಮುದುಕಿ ಹೇಳಿದ್ದನ್ನೂ ಪಕ್ಕಪಕ್ಕದಲ್ಲಿ ಇಡಬೇಕು. ಯಾವುದು ಮೂಲ, ಯಾವುದು ನಕಲು ಎಂಬ ತೀರ್ಪಿಗೆ ಆತುರ ಬೇಡ. ತಮ್ಮನ ಮಾತು ಕೇಳಿದ ಲುಡ್ ದೊರೆ ಎರಡು ಸರ್ಪಗಳಿಗೆ ಎರಡು ಬಟ್ಟೆ ತರಿಸಲಿಲ್ಲ.